ಕ್ಯಾಮೆರಾ ತಿರುಗಿಸಿದ ಭಾನುವಾರ

ಚೀನೀ ಭಾಷೆಯಲ್ಲಿ ನನಗೆ ಬರುವುದು ಊಟವಾಯಿತೇ ಎಂದು ಕೇಳುವ ಒಂದೇ ಮಾತು. ಆದರೂ ಕ್ಯಾಲಿಫೋರ್ನಿಯಾದ ಪೊಮೊನಾದಲ್ಲಿ ನಮ್ಮ ಮನೆಯ ಹತ್ತಿರದ ಚೀನೀ ಚರ್ಚಿನಲ್ಲಿ ನಾನು ಯೇಸುವಿನ ಸುವಾರ್ತೆ ಸಾರುವ ಸೇವೆಯವಳು. 2020ರಲ್ಲಿ ಆರಾಧನೆಯೆಲ್ಲ ಆನ್‌ಲೈನ್ ಆದಾಗ, ಟೆಲಿಕಾಂ ಕಂಪನಿಯವಳೆಂದು ಪಾಸ್ಟರು ಲೈವ್ ಕ್ಯಾಮೆರಾವನ್ನು ನನ್ನ ಕೊರಳಿಗೆ ಕಟ್ಟಿದರು. ಚರ್ಚಿನ ಬಾಗಿಲು ತೆರೆದ ಮೇಲೂ ಅದು ಇಳಿಯಲಿಲ್ಲ. ಶುಕ್ರವಾರ ಸಂಜೆಯ ಬೈಬಲ್ ಓದಿಗೆ, ಊಟಕ್ಕೆ ಚೀನೀ ವಿದ್ಯಾರ್ಥಿಗಳನ್ನು ಕ್ಯಾಂಪಸ್ಸಿನಿಂದ ಕರೆತರುವ ಕೆಲಸವೂ ಜೊತೆಗೆ ಬಂತು.

"ಡ್ರೈವರ್‌ಗಿರಿಗೆ ಸುವಾರ್ತಿ ಅಂತ ಹೆಸರಿಟ್ಟೀಯಲ್ಲ," ಎಂದು ಗಂಡ ಕೆಣಕುತ್ತಿದ್ದರು. ತಪ್ಪೇನಲ್ಲ. ನಮ್ಮ ಮುತ್ತಜ್ಜನಿಗೆ ಸುವಾರ್ತೆ ಹೇಳಿದ ಜರ್ಮನ್ ಪಾದ್ರಿಗಳು ಧಾರವಾಡದ ಬಿಸಿಲಲ್ಲಿ ನಡೆದೇ ತಿರುಗಿದವರು. ನಾನು ಏಸಿ ಕಾರಿನಲ್ಲಿ ಕೂತೇ ದಣಿಯುತ್ತಿದ್ದೆ. ಹುಡುಗರು ಬರುತ್ತಿದ್ದರು, ಉಣ್ಣುತ್ತಿದ್ದರು, ಡಿಗ್ರಿ ಸಿಕ್ಕ ಮೇಲೆ ಕಾಣೆಯಾಗುತ್ತಿದ್ದರು. ಯಾರ ಮನಸ್ಸಿನಲ್ಲಿ ಏನು ಉಳಿಯಿತೋ ದೇವರೇ ಬಲ್ಲ. ಬಿಟ್ಟುಬಿಡೋಣ ಎಂದು ಎಷ್ಟೋ ಸಲ ಅನಿಸಿತ್ತು.

ಒಬ್ಬ ಹುಡುಗಿ ಮಾತ್ರ ಯಾವಾಗಲೂ ನನ್ನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದಳು. ಮಾತು ಕಡಿಮೆ, ಅದಕ್ಕೇ ನನಗೆ ಇಷ್ಟ. ಒಂದು ಶುಕ್ರವಾರ ಉಳಿದವರು ಇಳಿದರೂ ಅವಳು ಇಳಿಯಲಿಲ್ಲ. ಊರಿಗೆ ಮರಳುವ ಮೊದಲು ದೀಕ್ಷಾಸ್ನಾನ ಆಗಬೇಕು ಎಂದಳು. ಅಪ್ಪ ಚೀನಾದಲ್ಲಿ ಸರ್ಕಾರಿ ಕೆಲಸದಲ್ಲಿದ್ದಾರಂತೆ, ಅಂಥವರ ಮಕ್ಕಳು ಕ್ರೈಸ್ತರಾಗುವುದು ಅಲ್ಲಿನ ಸರ್ಕಾರಕ್ಕೆ ಹಿಡಿಸದಂತೆ. ಅವಳ ಮುಖ ಲೈವ್‌ನಲ್ಲಿ ಕಂಡರೆ ಅವರ ಕೆಲಸಕ್ಕೇ ಸಂಚಕಾರ.

ಅವಳದನ್ನು ಭಾನುವಾರದ ಲೈವ್ ಬಿಟ್ಟು ಬೇರೆ ದಿನ ಯಾರದಾದರೂ ಮನೆಯಲ್ಲಿ ಮಾಡಿ ಎಂದು ಪಾಸ್ಟರನ್ನು ಕೇಳಿದೆ. ದೀಕ್ಷಾಸ್ನಾನವೆಂದರೆ ಸಭೆಯ ಮುಂದೆ ಹೇಳುವ ಸಾಕ್ಷಿ, ಅವಳ ಜೊತೆ ನೀರಿಗಿಳಿಯುವ ಉಳಿದವರ ಮನೆಯವರು ತೈವಾನಿನಲ್ಲಿ ಲೈವ್‌ಗಾಗಿ ಕಾದಿದ್ದಾರೆ, ಅವಳೂ ಸ್ವಲ್ಪ ಧೈರ್ಯ ಮಾಡಲಿ ಎಂದರು. ಕೆಟ್ಟವರಲ್ಲ ಅವರು. ಆದರೂ ನನಗೆ ಮೈಯೆಲ್ಲ ಉರಿಯಿತು. ಪೆಟ್ಟು ತಿನ್ನುವವರು ಬೇರೆಯವರಾದಾಗ ಧೈರ್ಯ ಹೇಳುವುದು ಸುಲಭ.

"ನೀನು ಬಾ. ಕ್ಯಾಮೆರಾ ನನ್ನ ಕೈಯಲ್ಲಿದೆ," ಎಂದು ಅವಳಿಗೆ ಹೇಳಿದೆ.

ಆ ಭಾನುವಾರ ಅವಳ ಸರದಿ ಬಂದಾಗ ಕ್ಯಾಮೆರಾವನ್ನು ಗೋಡೆಯ ಕಡೆ ತಿರುಗಿಸಿ ಮೈಕ್ ಮ್ಯೂಟ್ ಮಾಡಿದೆ. ಏನಾಯಿತು ಎಂದು ಕೇಳುವ ಮೆಸೇಜುಗಳು ಸಾಲಾಗಿ ಬಂದವು, ಬರಲಿ ಎಂದು ಬಿಟ್ಟೆ. ವರ್ಷಗಳಿಂದ ದೀಕ್ಷಾಸ್ನಾನಗಳನ್ನೆಲ್ಲ ಸ್ಕ್ರೀನಿನಲ್ಲೇ ನೋಡಿದವಳು ಅಂದು ನೇರ ಕಣ್ಣಿನಿಂದ ನೋಡಿದೆ. ನೀರಿನಿಂದ ಎದ್ದವಳು ಮೂಗು ಒರೆಸಿಕೊಂಡು ಮೊದಲು ಕ್ಯಾಮೆರಾದ ಕಡೆ ನೋಡಿದಳು, ಆಮೇಲೆ ನಕ್ಕಳು. ನನಗೆ ಅಳು ಬಂತು. ಆರಾಧನೆ ಮುಗಿದ ಮೇಲೆ ಪಾಸ್ಟರು ಲೈವ್‌ನಲ್ಲಿ ಅವಳ ಹೆಸರು ಕೇಳಿಸಿತೇ ಎಂದಷ್ಟೇ ವಿಚಾರಿಸಿದರು. ಇಲ್ಲ ಎಂದೆ. ಒಳ್ಳೆಯದಾಯಿತು ಎಂದರು.

ಅವಳನ್ನು ಲಾಸ್ ಏಂಜಲೀಸ್ ಏರ್‌ಪೋರ್ಟಿಗೆ ಬಿಟ್ಟವಳೂ ನಾನೇ. ತಲುಪಿದ ಮೇಲೆ ಒಂದು ಮೆಸೇಜಾದರೂ ಬರುತ್ತದೆ ಎಂದು ಆಸೆ ಇಟ್ಟುಕೊಂಡಿದ್ದೆ. ಸೂಟ್‌ಕೇಸ್ ಇಳಿಸಿದ ಮೇಲೆ ಅವಳು ಮೆಲ್ಲಗೆ ಕೇಳಿದಳು, "ಆಂಟಿ, ನನ್ನ ನಂಬರು ಡಿಲೀಟ್ ಮಾಡ್ತೀರಾ? ಫೋಟೋ, ಚಾಟು, ಎಲ್ಲಾ."

ಅವಳೆದುರೇ ಮಾಡಿದೆ. ಕೊನೆಯ ಫೋಟೋ ಹೋಗುವವರೆಗೂ ಅವಳ ಕಣ್ಣು ನನ್ನ ಫೋನಿನ ಮೇಲೇ ಇತ್ತು. ಆಮೇಲೆ ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡು ಹೋದಳು.

ಶುಕ್ರವಾರದ ಡ್ರೈವಿಂಗ್ ಇನ್ನೂ ನನ್ನದೇ, ದಣಿವೂ ಅಷ್ಟೇ ಇದೆ. ಅವಳ ನಂಬಿಕೆ ಉಳಿದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಅವಳಿಗಾಗಿ ದಿನಾ ಪ್ರಾರ್ಥಿಸುತ್ತೇನೆ. ಮನೆಯಲ್ಲಿ ಒಬ್ಬಳೇ ಇದ್ದಾಗಲೂ ಅವಳ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ.