ಅಲ್ಲಾಡಿದ ಬಾರ್ಬಡೋಸ್ ಕೋಟೆ

ಹೋದ ತಿಂಗಳು ನಾನು ಬಾರ್ಬಡೋಸ್‌ಗೆ ಹೋಗಿ ಬಂದೆ. ಒಸಾಕಾದಿಂದ ಲೋಕಲ್ ಟ್ರೈನಿನಲ್ಲಿ ಒಂದು ಗಂಟೆ ದಾರಿ.

ನಗುವುದಿದ್ದರೆ ಈಗಲೇ ನಕ್ಕುಬಿಡಿ. ಆಮೇಲೆ ಆಗುವುದಿಲ್ಲ.

ದಾವಣಗೆರೆಯಲ್ಲಿ ಸೈಕಲ್ ಶಾಪ್ ಇಟ್ಟಿದ್ದ ನನ್ನ ಸೋದರಮಾವನಿಗೆ ಬಾರ್ಬಡೋಸ್ ಹುಚ್ಚು. (ಪಾಸ್‌ಪೋರ್ಟೇ ಇಲ್ಲದ ಮನುಷ್ಯ!) ವೆಸ್ಟ್ ಇಂಡೀಸ್‌ನಲ್ಲಿ ಮ್ಯಾಚ್ ಇದ್ದರೆ ಶಟರ್ ಎಳೆದ ಮೇಲೂ ಅವರ ರೇಡಿಯೋ ಆಫ್ ಆಗುತ್ತಿರಲಿಲ್ಲ. ಕಾಮೆಂಟರಿಯ ನಡುವೆ ಬರುತ್ತಿದ್ದ ಬೀಚು, ಬ್ರಿಟಿಷರ ಹಳೇ ಕೋಟೆ, ಫಿರಂಗಿಗಳ ಸಾಲು ಎಲ್ಲ ಬಾಯಿಪಾಠ. ಪಿಎಚ್‌ಡಿಗೆ ಜಪಾನಿಗೆ ಹೊರಟಾಗ ನಾನು ಜಂಬ ಕೊಚ್ಚಿದ್ದೆ: "ಮಾವ, ನಾನು ಹೋಗಿ ಅಲ್ಲಿಂದ್ಲೇ ವಿಡಿಯೋ ಕಾಲ್ ಮಾಡ್ತೀನಿ."

ಟಿಕೆಟ್ಟೂ ತೆಗೆದೆ. ಕೊರೋನಾ ಬಂತು. ವಿಮಾನ ಕ್ಯಾನ್ಸಲ್. ಮಾವನಿಗೆ ಹೇಳಿದೆನೇ? "ಸ್ವಲ್ಪ ಮುಂದಕ್ಕೆ ಹೋಗಿದೆ" ಎಂದೆ. (ಥೀಸಿಸ್ ಬಗ್ಗೆ ಪ್ರೊಫೆಸರಿಗೆ ಹೇಳುವುದೂ ಇದನ್ನೇ.)

ಮರುವರ್ಷ ಅತ್ತೆ ಫೋನ್ ಮಾಡಿದರು. ಮಾವ ಆಕ್ಸಿಜನ್ ಮೇಲಿದ್ದಾರೆ. ವಾರ್ಡಿನೊಳಗೆ ಅತ್ತೆಯನ್ನೂ ಬಿಡುತ್ತಿಲ್ಲ. "ಅಳಿಯ ಬಾರ್ಬಡೋಸಿಗೆ ಹೋದ್ನಾ ಅಂತ ನರ್ಸ್ ಹತ್ರ ಕೇಳ್ತಾರಂತೆ ಕಣಪ್ಪ."

ನಾನು ದಾವಣಗೆರೆಗೇ ಹೋಗುವಂತಿಲ್ಲ. ಹೋದರೆ ಜಪಾನಿನೊಳಗೆ ಮತ್ತೆ ಬಿಡುವುದಿಲ್ಲ. ಬಾಯಿ ಸುಮ್ಮನಿರಬೇಕಲ್ಲ? "ಭಾನುವಾರ ಅಲ್ಲಿರ್ತೀನಿ ಅಂತ ಹೇಳಿ ಅತ್ತೆ" ಎಂದುಬಿಟ್ಟೆ.

ನಮ್ಮ ಲ್ಯಾಬಿನಲ್ಲಿ ಕಾನ್ಫರೆನ್ಸ್ ಪೋಸ್ಟರ್ ಮುದ್ರಿಸುವ ದೊಡ್ಡ ಪ್ರಿಂಟರ್ ಇದೆ. ಕಾನ್ಫರೆನ್ಸ್ ಎಲ್ಲ ಆನ್‌ಲೈನ್ ಆಗಿ ಅದಕ್ಕೂ ಕೆಲಸವಿರಲಿಲ್ಲ. ಬಾರ್ಬಡೋಸಿನ ಕೋಟೆಯ ಫೋಟೋವನ್ನು ಬಾಗಿಲಿನಷ್ಟು ದೊಡ್ಡದಾಗಿ ಅದರಲ್ಲಿ ಪ್ರಿಂಟ್ ಹೊಡೆದೆ. ಜೊತೆಗೆ ಓದುವ ನಿಶಿಮುರಾಗೆ ಮಾವನ ವಿಷಯ ಹೇಳಿದೆ. ಅವನು ಪ್ರಿಂಟರ್ ಪುಸ್ತಕದಲ್ಲಿ 'ಕಾರಣ' ಎಂಬಲ್ಲಿ 'ಕುಟುಂಬ' ಎಂದು ಬರೆದ. ಭಾನುವಾರ ಪೋಸ್ಟರ್ ಹೊತ್ತು ಟ್ರೈನಿನಲ್ಲಿ ಒಂದು ಗಂಟೆ ದೂರದ ಬೀಚಿಗೂ ಬಂದ.

ಮಧ್ಯಾಹ್ನ ಎರಡು ಗಂಟೆ, ಸುಡುಬಿಸಿಲು. ನಾನು ಹೂವಿನ ಶರ್ಟಿನಲ್ಲಿ. ನನ್ನ ಹಿಂದೆ ಕೋಟೆ, ಕೋಟೆಯ ಹಿಂದೆ ನಿಶಿಮುರಾ. ಅಲ್ಲಿ ನರ್ಸ್ ಫೋನ್ ಹಿಡಿದರು. ಮಾಸ್ಕಿನೊಳಗಿಂದ ಮಾವನ ದನಿ ಬಂತು.

"ಲೇ ಅಳಿಯ, ಕೋಟೆ ಯಾಕಲೇ ಅಲ್ಲಾಡ್ತೈತಿ?"

"ಗಾಳಿ ಮಾವ."

"ಭಾರಿ ಗಾಳಿ ಬಿಡಪ್ಪ."

ಅಷ್ಟರಲ್ಲಿ ಕೋಟೆಯ ಒಂದು ಮೂಲೆ ಕಿತ್ತುಕೊಂಡು ನನ್ನ ತಲೆಗೆ ಬಡಿಯಿತು. ಒಳಗಿಂದ "ಸುಮಿಮಾಸೆನ್!" ಎಂದು ಕ್ಷಮೆ ಕೇಳಿತು.

"ಯಾರಲೇ ಅದು?"

"ಗೈಡ್, ಮಾವ."

ಮಾವ ನಕ್ಕರು. ಕೆಮ್ಮು ಬಂತು. ಬಹಳ ಹೊತ್ತು ಬಂತು. ಆಮೇಲೆ, "ಸಮುದ್ರ ತೋರ್ಸು" ಎಂದರು. ತೋರಿಸಿದೆ. ಕೊನೆಗೆ, "ಬಿಸ್ಲು ಜೋರೈತಿ, ಟೋಪಿ ಹಾಕ್ಕಳಲೇ" ಎಂದರು.

ಗೆದ್ದೆ ಅಂದುಕೊಂಡೆ. ಪಕ್ಕದ ಕೊಂಬಿನಿ ಅಂಗಡಿಗೆ ಹೋಗಿ ನಿಶಿಮುರಾಗೆ ಐಸ್‌ಕ್ರೀಮ್ ಕೊಡಿಸಿದೆ.

ಮಂಗಳವಾರ ಮಾವ ಹೋದರು. ಅವರನ್ನು ಕಳಿಸಿಕೊಟ್ಟಿದ್ದನ್ನೂ ನಾನು ಫೋನಿನಲ್ಲೇ ನೋಡಿದೆ. ಈ ಸಲ ಗಾಳಿ ಇರಲಿಲ್ಲ, ಆದರೂ ಚಿತ್ರ ಅಲ್ಲಾಡುತ್ತಿತ್ತು.

ಮೊನ್ನೆ ಅತ್ತೆ ಹೇಳಿದರು. ಅವತ್ತು ಕಾಲ್ ಮುಗಿದ ಮೇಲೆ ಮಾವ ನರ್ಸ್‌ಗೆ ಅಂದರಂತೆ: "ಇಲ್ಲಿ ಬೆಳಿಗ್ಗೆ ಹತ್ತೂವರೆ ಅಂದ್ರೆ ಬಾರ್ಬಡೋಸ್‌ನಾಗೆ ನಡುರಾತ್ರಿ ಕಣಮ್ಮ. ಅಲ್ಲಿ ಬೆಳಿಗ್ಗೆ ಮ್ಯಾಚ್ ಶುರುವಾಗೋದೇ ನಮ್ಗೆ ಸಂಜೆ ಏಳೂವರೆಗೆ. ಇವ್ನು ಬಿಸ್ಲಾಗೆ ನಿಂತವ್ನೆ! ಹೇಳ್ಬ್ಯಾಡ್ರಿ, ಹುಡುಗ ನೊಂದ್ಕಂತಾನೆ."

ನಡುರಾತ್ರಿ ಎಂದು ಗೊತ್ತಿದ್ದೂ ಟೋಪಿ ಹಾಕಿಕೋ ಎಂದರಲ್ಲ, ಹೇಳಿ, ನಮ್ಮಿಬ್ಬರಲ್ಲಿ ದೊಡ್ಡ ಸುಳ್ಳುಗಾರ ಯಾರು?