ತೋಫು ಹಿಡಿದ ಕಡ್ಡಿಗಳು

ಆಫೀಸಿನವರು ನನ್ನನ್ನು ಟೋಕಿಯೋಗೆ ಕಳಿಸೋದು ಖಾಯಂ ಆದಾಗ, ಅಲ್ಲಿ ಹೇಗಿರಬೇಕು ಅಂತ ಹೇಳಿಕೊಡೋಕೆ ಟೀಮಿನ ಕೇಕೋ ಇಲ್ಲೇ ಅಮೆರಿಕದ ಬೆಲ್ವ್ಯೂನ ಜಪಾನಿ ಹೋಟೆಲೊಂದಕ್ಕೆ ಊಟಕ್ಕೆ ಕರೆದರು. ಅವರು ಟೋಕಿಯೋದವರೇ. ಟಿಪ್ಸ್ ಇಡಬೇಡಿ, ರೈಲಲ್ಲಿ ಫೋನ್ ಮಾಡಬೇಡಿ ಅಂತೆಲ್ಲ ಹೇಳುತ್ತ, "ನೀವು ವೆಜ್ ಅಲ್ವಾ?" ಅಂತ ತಮ್ಮ ಚಾಪ್‌ಸ್ಟಿಕ್ ಕಡ್ಡಿಗಳಲ್ಲಿ ಸೋಯಾ ಪನೀರಿನಂಥ ತೋಫು ತುಂಡೊಂದನ್ನು ಎತ್ತಿ ನನ್ನ ತಟ್ಟೆಗೆ ಹಾಕಲು ಬಂದರು.

ನಾನು ಆಗಲೇ ಅರ್ಧ ತಿಂದಿದ್ದೆ. ಅವರ ಕಡ್ಡಿ ತಟ್ಟೆಗೆ ತಾಗಿ ಅದಕ್ಕೆ ನನ್ನ ಎಂಜಲಾದರೆ? ತೋಫು ಇಳಿಯುವ ಮೊದಲೇ ನನ್ನ ಕಡ್ಡಿಗಳಿಂದ ಮೇಲೆಯೇ ಹಿಡಿದುಕೊಂಡೆ. ನನ್ನ ಸೂಕ್ಷ್ಮತೆಯನ್ನು ನಾನೇ ಮೆಚ್ಚಿಕೊಂಡೆ ಕೂಡ.

ಕೇಕೋ ಬಿಡಲೂ ಇಲ್ಲ, ಎಳೆಯಲೂ ಇಲ್ಲ. ಎರಡು ಜೊತೆ ಕಡ್ಡಿಗಳ ನಡುವಿನ ತೋಫುವನ್ನೇ ನೋಡುತ್ತಿದ್ದರು.

"ನಮ್ಮಲ್ಲಿ ಶವ ಸುಟ್ಟ ಮೇಲೆ ಉಳಿದ ಮೂಳೆಗಳನ್ನ ಮಾತ್ರ ಹೀಗೆ ಕಡ್ಡಿಯಿಂದ ಕಡ್ಡಿಗೆ ಕೊಡ್ತೀವಿ," ಅಂದರು. "ಹೋದ ತಿಂಗಳು ಅಮ್ಮನದು ಕೊಟ್ಟೆ. ಎದುರಿಗೆ ನನ್ನ ತಮ್ಮ ಇದ್ದ."

ಅವರ ತಾಯಿ ತೀರಿಕೊಂಡಿದ್ದು ನನಗೆ ಗೊತ್ತಿತ್ತು. ಟೀಮಿನವರು ಕೊಟ್ಟ ಸಂತಾಪದ ಕಾರ್ಡಿಗೆ ಸಹಿ ಹಾಕಿದ್ದೆ.

"ಸಾರಿ, ಗೊತ್ತಿರಲಿಲ್ಲ."

"ಅಲ್ಲಿ ಯಾರೂ ನಿಮಗೆ ಹೇಳೋದಿಲ್ಲ. ಊಟ ನಿಲ್ಲಿಸ್ತಾರೆ, ಅಷ್ಟೇ."

ಹಾಗಂದು ತೋಫುವನ್ನು ಮಧ್ಯದ ಬಟ್ಟಲಲ್ಲಿ ಇಳಿಸಿ, ಕಡ್ಡಿಗಳನ್ನು ಕೆಳಗಿಟ್ಟರು. ಮತ್ತೆ ಎತ್ತಲಿಲ್ಲ. ಬಿಲ್ ಬರುವವರೆಗೂ ಆ ತೋಫು ನಮ್ಮಿಬ್ಬರ ನಡುವೆ ತಣ್ಣಗಾಗುತ್ತ ಕೂತಿತ್ತು. ಅವರ ಕಡ್ಡಿಗೆ ನನ್ನ ಎಂಜಲು ಮಾತ್ರ ತಾಗಲಿಲ್ಲ.