ಅವ್ವ ತೊಳೆದ ಸ್ಪಂಜು

ಐದು ತಿಂಗಳ ಬಸಿರು ಹೋದ ಮೇಲೆ ನನ್ನ ಹೆಂಡತಿ ಮಾತು ಕಡಿಮೆ ಮಾಡಿದಳು. ಮಾತನಾಡಿಸಲೆಂದು ಹಿರೇಕೆರೂರಿನಿಂದ ಬಂದ ನೆಂಟರ ಹೆಂಗಸೊಬ್ಬಳು ಚಹಾ ಕುಡಿಯುತ್ತಾ, "ಕೆಲವರ ಕೈಗುಣಾನ ಹಂಗ ಇರತೈತಿ, ಏನ್ ಹಿಡಿದ್ರೂ ಉಳಿಯಂಗಿಲ್ಲ" ಎಂದು ಹೇಳಿ ಹೋದಳು. ಆ ಚಹಾಕ್ಕೆ ಸಕ್ಕರೆ ಹಾಕಿದ್ದಕ್ಕೆ ನನಗೆ ಇಂದಿಗೂ ಸಿಟ್ಟಿದೆ. ಹೆಂಡತಿ ಮಾತ್ರ ಅದನ್ನು ನಂಬಿಬಿಟ್ಟಳು. ಮಲ್ಲಿಗೆ ಬಳ್ಳಿಗೆ ನೀರು ಹಾಕುವುದನ್ನೂ, ಹಾಲಿಗೆ ಹೆಪ್ಪು ಹಾಕುವುದನ್ನೂ ನಿಲ್ಲಿಸಿದಳು.

ಏನಾದರೂ ನೋಡುತ್ತಾ ಕೂರಲಿ ಎಂದು ನಾನು ಹುಬ್ಬಳ್ಳಿಯಿಂದ ಹಾನಗಲ್ಲಿನ ನಮ್ಮ ಮನೆಗೆ ಗಾಜಿನ ತೊಟ್ಟಿ ತಂದೆ. ಅಂಗಡಿಯವನು ಕೊಟ್ಟದ್ದು ಹೆಬ್ಬೆರಳುದ್ದದ, ಮೀಸೆಯ ಕ್ಯಾಟ್‌ಫಿಷ್‌ಗಳು. ತಳದ ಮರಳು ಕೆದಕುತ್ತಾ ತಿರುಗುವುದೇ ಅವುಗಳ ಉದ್ಯೋಗ. ಜೊತೆಗೆ ಗಾಳಿಯ ಪಂಪಿಗೆ ಜೋಡಿಸುವ ಸ್ಪಂಜಿನ ಎರಡು ಫಿಲ್ಟರು ಕೊಟ್ಟ. "ಮರಿ ಆದ್ರ ಇದ ಬೇಕ್ರಿ. ಬ್ಯಾರೇ ಫಿಲ್ಟರು ಮರಿಗೋಳನ್ನ ಒಳಗ ಎಳಕೊಂತಾವು" ಎಂದ.

ದಿನಾ ಲಿಂಗಪೂಜೆ ಮಾಡುವ ನಮ್ಮವ್ವ ಬಾಗಿಲಲ್ಲೇ ತಡೆದಳು. "ಮೀನ? ನಮ್ಮ ಮನ್ಯಾಗ?"

"ತಿನ್ನಾಕಲ್ಲ ಬೇ, ನೋಡಾಕ" ಎಂದೆ.

ದೇವರ ಜಗಲಿಯಿಂದ ದೂರ ಇಡಿಸಿದಳು. ಆದರೆ ವಾರ ಕಳೆಯುವುದರೊಳಗೆ ಮೀಸೆ ನೋಡಿ ಅವುಗಳನ್ನು "ಗೌಡ್ರು" ಎಂದು ಕರೆಯತೊಡಗಿದ್ದಳು.

ಮಳೆ ಹಿಡಿದ ಒಂದು ದಿನ ತೊಟ್ಟಿಯ ನೀರು ಒಂದಿಷ್ಟು ತೆಗೆದು ತಣ್ಣನೆಯ ನೀರು ತುಂಬಿದೆವು. ಮರುದಿನ ಹೆಣ್ಣುಮೀನು ಗಾಜಿಗೆ ಮೊಟ್ಟೆ ಅಂಟಿಸಿತ್ತು. ಹಾಗೇ ಬಿಟ್ಟರೆ ದೊಡ್ಡ ಮೀನುಗಳೇ ತಿಂದುಹಾಕುತ್ತವೆ. ಬೆರಳಿನಿಂದ ಬಿಡಿಸಿ, ಎರಡನೇ ಸ್ಪಂಜು ಹಾಕಿದ ಬೇರೊಂದು ಚಿಕ್ಕ ತೊಟ್ಟಿಗೆ ಹಾಕಬೇಕು. ನಾನು ಕೈ ಹಾಕಿದ್ದೇ ತಡ, ಒಂದೆರಡು ಒಡೆದವು.

"ಸರೀರಿ ಅತ್ತಾಗ" ಎಂದು ಹೆಂಡತಿ ಎದ್ದು ಬಂದಳು.

ಅವಳ ಕೈಯಲ್ಲಿ ಒಂದೂ ಒಡೆಯಲಿಲ್ಲ. ಬೆಳ್ಳಗಾಗಿ ಕೆಟ್ಟವನ್ನು ಆರಿಸಿ ತೆಗೆದಳು. ಮರಿಗಳು ಹೊರಬಂದವು, ಜೀರಿಗೆ ಕಾಳಿನಷ್ಟು, ಆಗಲೇ ಮೀಸೆ ಸಮೇತ. ಕೋಳಿಮೊಟ್ಟೆಯ ಹಳದಿ ಕೊಡಿ ಎಂದ ಅಂಗಡಿಯವನ ಸಲಹೆಯನ್ನು ಅವ್ವನವರೆಗೆ ಒಯ್ಯುವ ಧೈರ್ಯ ನನಗಿರಲಿಲ್ಲ. ಹೆಂಡತಿಯೇ ಒಣ ಆಹಾರವನ್ನು ಹಿಟ್ಟಿನಂತೆ ಪುಡಿ ಮಾಡಿ ಉದುರಿಸುತ್ತಿದ್ದಳು. ಆ ವಾರ ಮನೆಯಲ್ಲಿ ಅವಳೇ ಹೆಪ್ಪು ಹಾಕಿದ ಮೊಸರು ಉಂಡೆವು.

ಅಮಾವಾಸ್ಯೆಗೆ ಮುಂಚೆ ನಮ್ಮಲ್ಲಿ ಇಡೀ ಮನೆ ತೊಳೆಯುತ್ತಾರೆ. ಹೆಂಡತಿ ಹಿತ್ತಲಲ್ಲಿ ಕೌದಿ ಒಗೆಯುತ್ತಿದ್ದಾಗ ಅವ್ವ ಮರಿಗಳ ತೊಟ್ಟಿಯ ಸ್ಪಂಜು ತೆಗೆದು ನೋಡಿದಳು. ಅದರ ಕಂದು ಲೋಳೆ ಕಂಡು ಹೇಸಿಕೊಂಡು, ಕುದಿಯುವ ನೀರಲ್ಲಿ ಅದ್ದಿ, ಹಿಂಡಿ, ಹೊಸದರಂತೆ ಮಾಡಿ ಇಟ್ಟಳು. ಸಾಬೂನು ಮಾತ್ರ ಹಚ್ಚಲಿಲ್ಲ, ಮರಿಗಳಿಗೆ ಉರಿದೀತೆಂದು. ಮೀನಿನ ಹೊಲಸನ್ನು ಅರಗಿಸುವ ಸೂಕ್ಷ್ಮಜೀವಿಗಳು ಇರುವುದು ಆ ಲೋಳೆಯಲ್ಲಿ. ಅವು ಸತ್ತರೆ ನೀರೇ ವಿಷ. ಅವ್ವನಿಗೆ ಅದು ಹೇಗೆ ಗೊತ್ತಾಗಬೇಕು?

ಅಮಾವಾಸ್ಯೆ ಮುಗಿಯುವಷ್ಟರಲ್ಲಿ ಒಂದು ಮರಿಯೂ ಉಳಿಯಲಿಲ್ಲ. ಹೆಂಡತಿ ಚಹಾ ಸೋಸುವ ಹಳೆಯ ಜರಡಿಯಿಂದ ಅವನ್ನು ಎತ್ತುತ್ತಾ, "ನನ್ನ ಕೈಗುಣಾನ ಇಷ್ಟು" ಎಂದಳು. ನಾನು ಅಂಗಡಿಯವನಿಗೆ ಫೋನು ಹಚ್ಚಿದೆ. ಅವನು ಕೇಳಿದ್ದನ್ನೇ ಮನೆಯವರತ್ತ ತಿರುಗಿ ಗಟ್ಟಿಯಾಗಿ ಕೇಳಿದೆ: "ಸ್ಪಂಜು ಯಾರರ ಬಿಸಿನೀರಾಗ ತೊಳದ್ರೇನು?"

ಅವ್ವ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಲೆ ಆರಿಸಿ ಬಂದು ಸೊಸೆಯ ಪಕ್ಕ ನೆಲದ ಮೇಲೆ ಕುಳಿತಳು.

"ನಾನ ತೊಳದೇನವಾ. ಅವು ನನ್ನ ಕೈಲೆ ಸತ್ತಾವು. ನಿನ್ನಿಂದ ಏನೂ ಆಗಿಲ್ಲ."

"ಖರೇನ್ರಿ ಅತ್ತಿ?"

"ಖರೇನವಾ. ಬೇಕಾದ್ರ ಲಿಂಗ ಮುಟ್ಟಿ ಹೇಳ್ತೇನಿ."

ಹೆಂಡತಿ ಜರಡಿ ಕೆಳಗಿಟ್ಟಳು. ಅವ್ವನ ಮುಖ ನೋಡಿ ಕೇಳಿದಳು: "ಹಂಗಾರ ಕೂಸಿಗೂ ನನ್ನಿಂದ ಏನೂ ಆಗಿಲ್ಲೇನ್ರಿ?"